ಕಾರಿನ ಆಂಟೆನಾ ಮನೆಯ ಮಾಡಿನ ಮೇಲೆ

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಕುಸಿದಾಗ ಹ್ಯಾಮ್ ರೇಡಿಯೊ ಹವ್ಯಾಸಿಗಳು ಕಲ್ಪೆಟ್ಟದ ಕಲೆಕ್ಟರೇಟಿನಲ್ಲಿ ಕೇಂದ್ರ ತೆರೆದು ಸಂದೇಶಗಳನ್ನು ದಾಟಿಸಿದರು. ಮೊಬೈಲ್ ಟವರಿನ ಹಂಗಿಲ್ಲದೆ, ಬ್ಯಾಟರಿಯ ಬಲದಿಂದಲೇ ಮಾತು ಮುಟ್ಟಿಸುವ ಈ ಹವ್ಯಾಸಕ್ಕೆ ಬೇಕಾದವು ಮೂರು: ಕೇಂದ್ರ ಸರಕಾರದ ಪರವಾನಗಿ, ಒಂದು ಸೆಟ್, ಒಂದು ಆಂಟೆನಾ.

ಪರವಾನಗಿ ಪಡೆದ ಮಗನೋ ಮಗಳೋ ಮನೆಯಲ್ಲಿದ್ದರೆ, ಕಾರಿಗೆಂದು ಕೊಂಡ ಆಂಟೆನಾವನ್ನೇ ಮನೆಗೂ ಬಳಸಬಹುದೇ ಎಂಬ ಪ್ರಶ್ನೆ ಬರುತ್ತದೆ. ಇನ್ನೊಂದು ಕೊಳ್ಳುವ ಖರ್ಚು ಉಳಿಯುತ್ತದಲ್ಲವೇ? ಬಳಸಬಹುದು. ಆದರೆ ಒಂದು ವಿಷಯವನ್ನು ನಾವು ಮರೆಯಬಾರದು. ಕಾರಿನ ಮೇಲೆ ನಮಗೆ ಕಾಣುವ ಕಡ್ಡಿ ಆಂಟೆನಾದ ಅರ್ಧ ಭಾಗ ಮಾತ್ರ. ಉಳಿದರ್ಧ ಕಾರಿನ ಲೋಹದ ಮೈ. ಹಂಚಿನ ಮಾಡಿನಲ್ಲಾಗಲಿ ಮುರಕಲ್ಲಿನ ಗೋಡೆಯಲ್ಲಾಗಲಿ ಆ ಅರ್ಧ ಇಲ್ಲ. ಬರೀ ಕಡ್ಡಿಯನ್ನು ಅಲ್ಲಿ ನಿಲ್ಲಿಸಿದರೆ ಶಕ್ತಿ ಸರಿಯಾಗಿ ಹೊರಹೋಗದೆ ಸೆಟ್ಟಿನ ಕಡೆಗೇ ಮರಳುತ್ತದೆ, ಸೆಟ್ ಕೆಡಲೂಬಹುದು.

ಇಲ್ಲದ ಅರ್ಧವನ್ನು ನಾವೇ ಮಾಡಿಕೊಡಬಹುದು. 145 ಮೆಗಾಹರ್ಟ್ಸ್‌ನಲ್ಲಿ ಕಾಲು ಅಲೆಯ ಕಡ್ಡಿಯ ಉದ್ದ ಸುಮಾರು 49 ಸೆಂಟಿಮೀಟರ್. ಅದರ ಬುಡಕ್ಕೆ ಸುಮಾರು 52 ಸೆಂಟಿಮೀಟರಿನ ನಾಲ್ಕು ಲೋಹದ ಕಡ್ಡಿಗಳನ್ನು ನಾಲ್ಕು ದಿಕ್ಕಿಗೆ ಜೋಡಿಸಿ, ಸ್ವಲ್ಪ ಕೆಳಕ್ಕೆ ಬಾಗಿಸಿದರೆ ಸಾಕು. ಇವು ಕೇಬಲಿನ ಹೊರ ಜಾಲರಿಗೆ ತಾಗಿರಬೇಕು, ನಡುವಿನ ತಂತಿಗೆ ತಾಗಬಾರದು. ಅಯಸ್ಕಾಂತದ ಬುಡವಿದ್ದರೆ ಒಂದು ಮೀಟರ್ ಅಗಲದ ಕಬ್ಬಿಣದ ತಗಡಿನ ನಡುವೆ ಇಡಬಹುದು. ಅಲ್ಯೂಮಿನಿಯಂ ತಗಡಿಗೆ ಅಯಸ್ಕಾಂತ ಹಿಡಿಯದು. ಅರ್ಧ ಅಲೆಯ ಆಂಟೆನಾಗಳಿಗೆ ಈ ವ್ಯವಸ್ಥೆ ಅಷ್ಟಾಗಿ ಬೇಡ. ಕೊಳ್ಳುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು.

7 ಮೆಗಾಹರ್ಟ್ಸ್‌ನ ಮಾತು ಬೇರೆ. ಕಾರಿಗೆಂದು ಸುರುಳಿ ಸುತ್ತಿ ಗಿಡ್ಡಗೊಳಿಸಿದ ಆಂಟೆನಾ ಅಲ್ಲಿ ಹೆಚ್ಚಿನ ಶಕ್ತಿಯನ್ನು ಬಿಸಿಯಾಗಿಯೇ ಕಳೆಯುತ್ತದೆ. ಹಿತ್ತಿಲಲ್ಲಿ ಎರಡು ತೆಂಗಿನ ಮರಗಳಿದ್ದರೆ, ನಡುವೆ ಕಟ್ಟಿದ 20 ಮೀಟರಿನ ಸಾಮಾನ್ಯ ತಾಮ್ರದ ತಂತಿಯ ಡೈಪೋಲ್ ಅದಕ್ಕಿಂತ ಎಷ್ಟೋ ಮೇಲು, ಖರ್ಚೂ ಕಡಿಮೆ.

ಕೇಬಲಿನ ಬಗ್ಗೆಯೂ ಗಮನವಿರಲಿ. ಕಾರಿನಲ್ಲಿ ನಾಲ್ಕೈದು ಮೀಟರಿಗೆ ಸಾಕಾಗುವ ತೆಳ್ಳಗಿನ ಆರ್‌ಜಿ-58 ಕೇಬಲನ್ನು ಮನೆಯಲ್ಲಿ 30 ಮೀಟರ್ ಎಳೆದರೆ, 145 ಮೆಗಾಹರ್ಟ್ಸ್‌ನಲ್ಲಿ ಸುಮಾರು ಮುಕ್ಕಾಲು ಪಾಲು ಶಕ್ತಿ ದಾರಿಯಲ್ಲೇ ಮುಗಿಯುತ್ತದೆ. ದೂರ ಹೆಚ್ಚಿದ್ದರೆ ದಪ್ಪನೆಯ ಆರ್‌ಜಿ-213 ಬೇಕು. ಮಳೆನೀರು ಇಳಿಯದಂತೆ ಜೋಡಣೆಗಳಿಗೆ ರಬ್ಬರ್ ಟೇಪ್ ಸುತ್ತಬೇಕು.

ಕೊನೆಯದಾಗಿ ಜೀವದ ಮಾತು. ಕಂಬ ಯಾವ ಕಡೆ ಬಿದ್ದರೂ ವಿದ್ಯುತ್ ತಂತಿಗೆ ತಾಗದಷ್ಟು ದೂರವಿರಲಿ. ತುಲಾ ಮಾಸದ ಸಂಜೆಗಳ ಸಿಡಿಲನ್ನು ಬಲ್ಲ ನಾವು, ಮೋಡ ಕವಿಯುವ ಮೊದಲೇ ಕೇಬಲನ್ನು ಸೆಟ್ಟಿನಿಂದ ಕಳಚಿ ಮನೆಯ ಹೊರಗಿಡೋಣ. ಸಿಡಿಲು ಶುರುವಾದ ಮೇಲೆ ಅದನ್ನು ಮುಟ್ಟುವುದು ಬೇಡ. ಆಂಟೆನಾ ಮಕ್ಕಳ ಕೈಗೆಟುಕದ ಎತ್ತರದಲ್ಲಿರಲಿ. ಮಾತನಾಡುವಾಗ ಯಾರೂ ಅದರ ಹತ್ತಿರ ನಿಲ್ಲಬಾರದು.

ಇಷ್ಟು ಸಿದ್ಧಮಾಡಿ, ವಾರಕ್ಕೊಮ್ಮೆಯಾದರೂ ಸುತ್ತಲಿನ ಹ್ಯಾಮ್‌ಗಳೊಡನೆ ಮಾತನಾಡಿ ನೋಡೋಣ. ನೆರೆ ಬಂದ ರಾತ್ರಿ ಆಂಟೆನಾ ಹುಡುಕಲು ಹೊರಟರೆ ನೆರೆಮನೆಯವರಿಗೆ ನಮ್ಮಿಂದ ಉಪಕಾರವಾಗದು.