ಬಿಡಿಭಾಗಗಳಲ್ಲಿ ಬಂದೂಕು ಯಾವುದು?

ಕ್ರಿ.ಶ. ೧೭೮೫ನೆಯ ಇಸವಿ. ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್‌ಸನ್ನರು ಒನೊರೆ ಬ್ಲಾಂ ಎಂಬ ಬಂದೂಕುಗಾರನ ಕೈಚಳಕವನ್ನು ನೋಡಲು ಹೋಗಿದ್ದರು. ಐವತ್ತು ಬಂದೂಕುಗಳ ಕಿಡಿ ಹಾರಿಸುವ ಯಂತ್ರಗಳನ್ನು ಪೂರ್ತಿ ಬಿಚ್ಚಿ, ಒಂದೊಂದು ಬಗೆಯ ತುಣುಕನ್ನು ಒಂದೊಂದು ಗೂಡಿನಲ್ಲಿ ಹಾಕಿ ಅವನು ಅವರ ಮುಂದಿರಿಸಿದನು. ಜೆಫರ್‌ಸನ್ನರು ಆರಿಸದೆ, ಕೈಗೆ ಸಿಕ್ಕ ತುಣುಕುಗಳನ್ನೇ ಎತ್ತಿಕೊಂಡು ಕೆಲವು ಯಂತ್ರಗಳನ್ನು ತಾವೇ ಜೋಡಿಸಿದರು. ಒಂದೂ ಕೊಸರಲಿಲ್ಲ, ಎಲ್ಲವೂ ಸರಿಯಾಗಿ ಕೂಡಿಕೊಂಡವು. ಆಗಸ್ಟ್ ೩೦ರಂದು ಸ್ವದೇಶಕ್ಕೆ ಬರೆದ ಪತ್ರದಲ್ಲಿ ಅವರು ಈ ಸಂಗತಿಯನ್ನು ವಿವರವಾಗಿ ತಿಳಿಸಿದ್ದಾರೆ.

ಇಂದು ನಮಗೆ ಇದು ಸೋಜಿಗವೆನಿಸದು. ಹೊಲಿಗೆಯಂತ್ರದ ತಿರುಪು ಕಳೆದರೆ ಅಂಗಡಿಯಿಂದ ಬೇರೊಂದನ್ನು ತರುತ್ತೇವೆ. ಕುರ್ಲಾದ ಹಳೆಯ ಮೋಟಾರು ಸಾಮಾನಿನ ಮಳಿಗೆಗಳಲ್ಲಿ ಒಂದು ಕಾರಿನ ಅಂಗ ಇನ್ನೊಂದು ಕಾರಿಗೆ ಹೋಗಿ ಸೇರುತ್ತದೆ. ಆದರೆ ಅಂದಿನ ಕಾಲದಲ್ಲಿ ಒಬ್ಬ ಕಮ್ಮಾರ ಮಾಡಿದ ತುಣುಕು ಅವನೇ ಮಾಡಿದ ಮತ್ತೊಂದು ಬಂದೂಕಿಗೂ ಹೊಂದುತ್ತಿರಲಿಲ್ಲ. ಅದಲುಬದಲಾಗಬಲ್ಲ ಬಿಡಿಭಾಗವೆಂಬ ಕಲ್ಪನೆ ಆಯುಧಶಾಲೆಯಲ್ಲಿ ಬೆಳೆದು, ಅಲ್ಲಿಂದ ಗಡಿಯಾರಕ್ಕೂ ಸೈಕಲ್ಲಿಗೂ ಮೋಟಾರಿಗೂ ಹರಡಿತು. ಜೆಫರ್‌ಸನ್ನರ ನಾಡಿನಲ್ಲಿ ಅದೇ ಕಲ್ಪನೆ ಇಂದು ಒಂದು ವಿಚಿತ್ರ ಹವ್ಯಾಸಕ್ಕೆ ತಳಹದಿಯಾಗಿದೆ. ಸೈನ್ಯಗಳು ತ್ಯಜಿಸಿದ ಹಳೆಯ ರೈಫಲ್ಲುಗಳ ಬಿಡಿಭಾಗಗಳನ್ನು ಕೊಂಡು, ಮನೆಯಲ್ಲಿಯೇ ಮತ್ತೆ ರೈಫಲ್ಲಾಗಿ ಜೋಡಿಸುವುದೇ ಆ ಹವ್ಯಾಸ.

ಕತ್ತರಿಸಿದ ಕಬ್ಬಿಣ

ಒಂದು ದೇಶದ ಸೈನ್ಯ ಹೊಸ ಆಯುಧವನ್ನು ಸ್ವೀಕರಿಸಿದಾಗ ಹಳೆಯವು ಉಗ್ರಾಣದಲ್ಲಿ ರಾಶಿ ಬೀಳುತ್ತವೆ. ಅವುಗಳನ್ನು ಇಡಿಯಾಗಿ ಅಮೆರಿಕಕ್ಕೆ ತರಲು ಕಾನೂನು ಒಪ್ಪದಿದ್ದಾಗ ವ್ಯಾಪಾರಿಗಳು ಮತ್ತೊಂದು ಹಾದಿ ಹಿಡಿಯುತ್ತಾರೆ. ರೈಫಲ್ಲಿನ ನಡುವೆ ‘ರಿಸೀವರ್’ ಎಂಬ ಲೋಹದ ಒಡಲೊಂದಿದೆ. ಮುಂದೆ ನಳಿಗೆ, ಒಳಗೆ ಬೋಲ್ಟು, ಕೆಳಗೆ ಕುದುರೆ, ಹಿಂದೆ ಮರದ ಹಿಡಿ, ಹೀಗೆ ಎಲ್ಲವೂ ಅದನ್ನೇ ಆಶ್ರಯಿಸಿವೆ. ಈ ಒಡಲನ್ನು ಅನಿಲದ ಜ್ವಾಲೆಯಿಂದ ಹಲವು ಕಡೆ ಕತ್ತರಿಸಿ ನಿರುಪಯುಕ್ತಗೊಳಿಸುತ್ತಾರೆ. ಉಳಿದ ಅಂಗಗಳೆಲ್ಲ ಒಂದು ಗಂಟಾಗಿ ಮಾರಾಟಕ್ಕೆ ಬರುತ್ತವೆ. ಹವ್ಯಾಸಿಯು ಆ ದೇಶದಲ್ಲಿಯೇ ತಯಾರಾದ ಹೊಸ ಒಡಲೊಂದನ್ನು ಕಾನೂನುಬದ್ಧವಾಗಿ ಪಡೆದು, ಹಳೆಯ ಅಂಗಗಳನ್ನು ಅದರ ಸುತ್ತ ಸೇರಿಸಬೇಕು.

ಗಂಟು ಬಿಚ್ಚಿದೊಡನೆ ಕಾಣುವುದು ದಶಕಗಳ ಹಿಂದೆ ತುಕ್ಕು ಹಿಡಿಯದಿರಲೆಂದು ಬಳಿದ ಅಂಟಂಟಾದ ಕಂದು ಮೇಣ. ಅದನ್ನು ತೊಳೆದು ತೆಗೆಯುವುದಕ್ಕೇ ದಿನಗಳು ಹಿಡಿಯುತ್ತವೆ. ಬಳಿಕ ಮರಕ್ಕೆ ಅಗಸೆ ಎಣ್ಣೆ ತೀಡುತ್ತಾ ಕುಳಿತಾಗ ಪರೀಕ್ಷಕರ ಮುದ್ರೆಗಳು, ದುರಸ್ತಿಯ ಗುರುತುಗಳು ಒಂದೊಂದಾಗಿ ಬೆಳಕಿಗೆ ಬರುತ್ತವೆ. ಹವ್ಯಾಸಿಗೆ ಸಂತೋಷ ಕೊಡುವುದು ಬಹುಮಟ್ಟಿಗೆ ಈ ಓದುವಿಕೆಯೇ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕನ ಹೆಗಲೇರಿದ್ದ ಗ್ಯಾರಂಡ್ ರೈಫಲ್ಲಿನ ಬಹುತೇಕ ಭಾಗಗಳ ಮೇಲೆ ನಕ್ಷೆಯ ಸಂಖ್ಯೆ ಕೆತ್ತಿರುತ್ತದೆ. ಯುದ್ಧಾನಂತರ ಅದನ್ನು ತಯಾರಿಸಿದ ಕಂಪನಿಗಳಲ್ಲೊಂದು ಟ್ರ್ಯಾಕ್ಟರುಗಳಿಗೆ ಹೆಸರಾದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್. ಯಾವ ತುಣುಕು ಯಾವ ಕಾರ್ಖಾನೆಯದು, ಯಾವ ಕಾಲದ್ದು ಎಂದು ಹೊಂದಿಸುವುದರಲ್ಲಿ ವರ್ಷಗಳನ್ನೇ ಕಳೆಯುವವರಿದ್ದಾರೆ.

ಇಶಾಪುರದ ಕೈಗುರುತು

ಈ ಕಥೆಯಲ್ಲಿ ನಮ್ಮ ದೇಶದ ಹೆಸರೂ ಇದೆ. ಕಲ್ಕತ್ತೆಯ ಉತ್ತರಕ್ಕೆ ಹೂಗ್ಲಿಯ ದಡದಲ್ಲಿರುವ ಇಶಾಪುರದ ಕಾರ್ಖಾನೆಯಲ್ಲಿ ಬ್ರಿಟಿಷರ ಕಾಲದಿಂದಲೂ ಲೀ-ಎನ್‌ಫೀಲ್ಡ್ ರೈಫಲ್ಲುಗಳು ತಯಾರಾದವು. ೧೯೬೨ರ ಚೀನೀ ಆಕ್ರಮಣದ ಅನಂತರದ ವರ್ಷಗಳಲ್ಲಿ ಅದೇ ಹಳೆಯ ಮಾದರಿಯನ್ನು ಹೆಚ್ಚು ಗಟ್ಟಿಯಾದ ಉಕ್ಕಿನಲ್ಲಿ ಮಾಡಿ, ೭.೬೨ ಮಿಲಿಮೀಟರಿನ ತೋಟೆಗೆ ಅಳವಡಿಸಿದರು. ಅವುಗಳಲ್ಲಿ ಅನೇಕವು ಮುಂದೆ ಹಳೆಯ ಸರಕಾಗಿ ಅಮೆರಿಕ ಸೇರಿ, ಇಂದು ಅಲ್ಲಿನ ಸಂಗ್ರಾಹಕರ ಮನೆಗಳಲ್ಲಿವೆ. ಮುಂಬಯಿಯ ವಾಚಕರು ಮಾತ್ರ ಇದರ ಹಿರಿಯ ಬಂಧುವಾದ .೩೦೩ ರೈಫಲ್ಲನ್ನು ಬೇರೊಂದು ಕಾರಣಕ್ಕಾಗಿ ಮರೆಯಲಾರರು. ೨೦೦೮ರ ನವೆಂಬರ್ ೨೬ರ ರಾತ್ರಿ, ಛತ್ರಪತಿ ಶಿವಾಜಿ ಟರ್ಮಿನಸ್ಸಿನಲ್ಲಿ ಸ್ವಯಂಚಾಲಿತ ಆಯುಧ ಹಿಡಿದು ಬಂದ ಹಂತಕರ ಎದುರು ಪೊಲೀಸರ ಕೈಯಲ್ಲಿದ್ದ ಬಂದೂಕು ಅದೇ.

ಬಿಡಿಭಾಗಗಳ ಅದಲುಬದಲಿಗೆ ಮಿತಿಯೊಂದುಂಟೆಂಬುದನ್ನು ಕಲಿಸುವುದೂ ಇದೇ ಲೀ-ಎನ್‌ಫೀಲ್ಡು. ಇದರ ಬೋಲ್ಟಿನ ಮೇಲೆಯೂ ಒಡಲಿನ ಮೇಲೆಯೂ ಒಂದೇ ಸಂಖ್ಯೆ ಇರುತ್ತದೆ. ಅವೆರಡು ಗಂಡಹೆಂಡಿರಿದ್ದಂತೆ, ಬೇರೆ ಮಾಡಬಾರದು. ತೋಟೆಯ ಬುಡಕ್ಕೂ ಬೋಲ್ಟಿನ ಮುಖಕ್ಕೂ ನಡುವಣ ಅಂತರ ಕೂದಲೆಳೆಯಷ್ಟು ಮಿತಿಮೀರಿದರೂ ತೋಟೆ ಒಡೆದು, ಉರಿಯುವ ಅನಿಲ ಹಾರಿಸುವವನ ಮುಖಕ್ಕೇ ನುಗ್ಗಬಹುದು. ಈ ಅಂತರವನ್ನು ಸರಿಪಡಿಸಲೆಂದೇ ನಾಲ್ಕನೆಯ ನಮೂನೆಯ ರೈಫಲ್ಲಿಗೆ ೦ಯಿಂದ ೩ರವರೆಗೆ ಅಂಕಿತವಾದ ನಾಲ್ಕು ಅಳತೆಯ ಬೋಲ್ಟಿನ ತಲೆಗಳನ್ನು ಮಾಡಿದ್ದರು. ಆದುದರಿಂದ ಅನುಭವಿಯಾದ ಹವ್ಯಾಸಿ ತಾನು ಜೋಡಿಸಿದ್ದನ್ನು ತಜ್ಞನು ಅಳತೆಗೋಲಿನಿಂದ ಪರೀಕ್ಷಿಸುವ ತನಕ ಹಾರಿಸಲು ಮುಂದಾಗುವುದಿಲ್ಲ.

ಕಾನೂನಿನ ಕಣ್ಣಿಗೆ ಬಂದೂಕು

ಹಾಗಾದರೆ ಈ ರಾಶಿಯಲ್ಲಿ ಬಂದೂಕು ಯಾವುದು? ನಳಿಗೆಯೇ, ಕುದುರೆಯೇ, ಮರವೇ? ಇದು ತರ್ಕಶಾಸ್ತ್ರದ ವಿನೋದವಲ್ಲ; ಜೀವಗಳು ನಿಂತಿರುವ ಪ್ರಶ್ನೆ.

ಅಮೆರಿಕದ ೧೯೩೮ರ ಕಾನೂನು ಬಂದೂಕಿನ ಯಾವ ಭಾಗವನ್ನಾದರೂ ಬಂದೂಕೆಂದೇ ಎಣಿಸುತ್ತಿತ್ತು. ೧೯೬೩ರ ನವೆಂಬರ್ ೨೨ರಂದು ಅಧ್ಯಕ್ಷ ಕೆನೆಡಿಯವರ ಹತ್ಯೆಯಾಯಿತು. ಕೊಂದದ್ದು ೧೯೪೦ರಲ್ಲಿ ಇಟಲಿಯ ಟೆರ್ನಿಯಲ್ಲಿ ತಯಾರಾದ, ಸೈನ್ಯ ತ್ಯಜಿಸಿದ ಕಾರ್ಕಾನೊ ರೈಫಲ್ಲು. ಹಂತಕನು ಅದನ್ನು ಸುಳ್ಳು ಹೆಸರಿನಿಂದ ಅಂಚೆಯ ಮೂಲಕ ತರಿಸಿಕೊಂಡಿದ್ದನು. ದೂರದರ್ಶಕವೂ ಸೇರಿ ಅದರ ಬೆಲೆ ೧೯ ಡಾಲರ್ ೯೫ ಸೆಂಟ್. ೧೯೬೮ರಲ್ಲಿ ಬಂದ ಹೊಸ ಕಾನೂನು ಅಂಚೆಯ ಮಾರಾಟಕ್ಕೂ ಸೈನ್ಯದ ಹಳೆಯ ಬಂದೂಕುಗಳ ಆಮದಿಗೂ ಬಲವಾದ ತಡೆ ಹಾಕಿತು. ಆದರೆ ಅದೇ ಕಾನೂನು, ಪ್ರತಿಯೊಂದು ತುಣುಕನ್ನೂ ಬಂದೂಕೆಂದು ಲೆಕ್ಕವಿಡುವುದು ಅಸಾಧ್ಯವೆಂದು ಬಗೆದು, ಒಡಲೊಂದನ್ನೇ ಬಂದೂಕೆಂದು ಕರೆಯಿತು. ಬಿಡಿಭಾಗಗಳ ವ್ಯಾಪಾರ ಬೆಳೆದದ್ದು ಆ ಬಾಗಿಲಿನಿಂದಲೇ.

ಆಮೇಲೆ ಬಾಗಿಲನ್ನು ಸ್ವಲ್ಪ ಸ್ವಲ್ಪವಾಗಿ ಮುಚ್ಚುತ್ತಾ ಬಂದರು. ೧೯೯೦ರ ಕಾನೂನಿನ ಅನ್ವಯ ರಚಿತವಾದ ನಿಯಮವು ಇಪ್ಪತ್ತು ಅಂಗಗಳನ್ನು ಪಟ್ಟಿಮಾಡಿ, ಕೆಲವು ಬಗೆಯ ರೈಫಲ್ಲುಗಳಲ್ಲಿ ಅವುಗಳ ಪೈಕಿ ಹತ್ತಕ್ಕಿಂತ ಹೆಚ್ಚು ವಿದೇಶದವು ಇರಕೂಡದೆಂದು ವಿಧಿಸಿತು. ೨೦೦೫ರಲ್ಲಿ ಇಂತಹ ಗಂಟುಗಳೊಡನೆ ನಳಿಗೆಗಳು ಬರುವುದೂ ನಿಂತಿತು. ಅರ್ಧ ಸಿದ್ಧವಾದ ಒಡಲುಗಳನ್ನು ಬಂದೂಕಲ್ಲವೆಂದು ಮಾರಿ, ಸಂಖ್ಯೆಯಿಲ್ಲದ ಆಯುಧಗಳು ಅಪರಾಧಿಗಳ ಕೈ ಸೇರತೊಡಗಿದಾಗ, ೨೦೨೨ರಲ್ಲಿ ಸರ್ಕಾರವು ಅವುಗಳನ್ನೂ ನಿಯಮದ ಕಕ್ಷೆಗೆ ತಂದಿತು. ೨೦೨೫ರ ಮಾರ್ಚಿಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಆ ನಿಯಮವನ್ನು ಎತ್ತಿಹಿಡಿಯಿತು.

ನಮ್ಮ ದೇಶದ ದೃಷ್ಟಿ ಬೇರೆ. ೧೯೫೯ರ ಆಯುಧ ಕಾಯಿದೆ ಆಯುಧವೆಂಬ ಮಾತಿನಲ್ಲಿಯೇ ಅದರ ಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರಗಳನ್ನೂ ಸೇರಿಸಿದೆ. ಪೂರಕ ಭಾಗಗಳೊಡನೆ ಕೂಡಿಸುವ ಉದ್ದೇಶವಿಲ್ಲದ ಸಣ್ಣಪುಟ್ಟ ತುಣುಕುಗಳಿಗೆ ಮಾತ್ರ ರಿಯಾಯಿತಿ. ಪರವಾನೆಯಿಲ್ಲದೆ ಬಂದೂಕು ಜೋಡಿಸುವುದು ಇಲ್ಲಿ ಹವ್ಯಾಸವಲ್ಲ, ಅಪರಾಧ. ಕೈಲ್ ಮುಹೂರ್ತದಂದು ಕೋವಿಯನ್ನು ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುವ ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಪರವಾನೆಯ ವಿನಾಯಿತಿ ಇದೆ. ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದನ್ನು ಮನ್ನಿಸಿತು. ಆದರೆ ಆ ವಿನಾಯಿತಿ ಇಟ್ಟುಕೊಳ್ಳುವುದಕ್ಕೆ, ತಯಾರಿಸುವುದಕ್ಕಲ್ಲ.

ಎರಡು ದೇಶಗಳು, ಎರಡು ಉತ್ತರಗಳು. ಒಂದು ವಸ್ತುವನ್ನು ನೋಡಿ, ಇಷ್ಟು ಕಬ್ಬಿಣ ಬಂದೂಕು, ಉಳಿದದ್ದು ಬರಿಯ ಕಬ್ಬಿಣ ಎನ್ನುತ್ತದೆ. ಇನ್ನೊಂದು ಕಬ್ಬಿಣದ ಜೊತೆಗೆ ಮನುಷ್ಯನ ಉದ್ದೇಶವನ್ನೂ ಕೇಳುತ್ತದೆ. ಮೊದಲನೆಯದು ಎಣಿಸಲು ಸುಲಭ, ಆದರೆ ಜಾಣರು ನುಸುಳಲೂ ಸುಲಭ. ಎರಡನೆಯದು ಬಿಗಿಯಾದುದು, ಆದರೆ ನಿರಪರಾಧಿಯಾದ ಸಂಗ್ರಾಹಕನನ್ನೂ ಅದು ಸಂಶಯದಿಂದಲೇ ಕಾಣುತ್ತದೆ. ಹಳೆಯ ಮರಕ್ಕೆ ಎಣ್ಣೆ ತೀಡುತ್ತಾ ಅಳಿದ ಸೈನ್ಯವೊಂದರ ಇತಿಹಾಸವನ್ನು ಓದುವವನನ್ನು ನಾವು ಹೀಗಳೆಯಬೇಕಾಗಿಲ್ಲ. ಅವನ ತಾಳ್ಮೆ ನಿಜವಾದುದು. ಆದರೆ ಅವನು ದುರಸ್ತಿ ಮಾಡುತ್ತಿರುವುದು ಗಡಿಯಾರವನ್ನಲ್ಲ. ಜೆಫರ್‌ಸನ್ನರ ಬೆರಳುಗಳಡಿಯಲ್ಲಿ ಅಂದು ಎಲ್ಲ ತುಣುಕುಗಳೂ ಲೀಲಾಜಾಲವಾಗಿ ಕೂಡಿಕೊಂಡವು. ಬಿಡಿಭಾಗಕ್ಕೆ ಕೈಯ ಪರಿಚಯವಿಲ್ಲ. ಸಜ್ಜನನ ಕೈಗಾಗಲಿ ಹಂತಕನ ಕೈಗಾಗಲಿ ಅದು ಅಷ್ಟೇ ಸಲೀಸಾಗಿ ಒಲಿಯುತ್ತದೆ. ಕಾನೂನು ಕಾಯಬೇಕಾದ ಸ್ಥಳ ಅದೇ.