ಕಂಠಧಮನಿಯ ಚಿಕಿತ್ಸೆಗೆ ಕೊರಳಿನ ಯೋಗ್ಯತೆ

ಒಂದು ಬದಿಯ ಕೈ ಹತ್ತು ನಿಮಿಷ ಜೋಮು ಹಿಡಿದು, ನಾಲಗೆ ತೊದಲಿ, ಇಲ್ಲವೆ ಒಂದೇ ಕಣ್ಣು ಕೆಲ ಹೊತ್ತು ಮಂಜಾಗಿ, ಅನಂತರ ಏನೂ ಆಗಿಯೇ ಇಲ್ಲವೆಂಬಂತೆ ಎಲ್ಲವೂ ಸರಿಹೋದರೆ, ಅದನ್ನು ಪಿತ್ತವೆಂದೋ ನಿಶ್ಶಕ್ತಿಯೆಂದೋ ಭಾವಿಸಿ, ಒಂದು ಲೋಟ ನಿಂಬೆಯ ಪಾನಕ ಕುಡಿದು ಕೆಲಸಕ್ಕೆ ಹೊರಟುಬಿಡುವ ರೂಢಿ ಸೇಲಂ ಧರ್ಮಪುರಿಗಳ ಸೀಮೆಯಲ್ಲಿ ಮಾತ್ರವಲ್ಲದೆ ನಮ್ಮ ನಾಡಿನ ಎಲ್ಲೆಡೆಯೂ ಉಂಟು. ವೈದ್ಯರ ದೃಷ್ಟಿಯಲ್ಲಿಯಾದರೋ ಇದು ಲಕ್ವದ ಮುನ್ಸೂಚನೆ. ಮೆದುಳಿಗೆ ರಕ್ತವನ್ನೊಯ್ಯುವ ಯಾವುದೋ ಮಾರ್ಗದಲ್ಲಿ ಹೆಪ್ಪಿನ ತುಣುಕೊಂದು ಸಿಕ್ಕಿಕೊಂಡು, ದೈವವಶಾತ್ ಕರಗಿಹೋದುದರ ಕುರುಹು. ಆ ತುಣುಕು ಹೊರಟ ಸ್ಥಾನವನ್ನು ಅರಸುವಾಗ ಮೊದಲು ಪರೀಕ್ಷಿಸತಕ್ಕ ಎಡೆಗಳಲ್ಲಿ ಕೊರಳೂ ಒಂದು.

ಹೃದಯದಿಂದ ಹೊರಟ ಮಹಾಧಮನಿಯು ಎದೆಯ ಮೇಲ್ಭಾಗದಲ್ಲಿ ಕಮಾನಾಗಿ ಬಾಗುವೆಡೆಯಲ್ಲಿ ತಲೆಗೂ ತೋಳುಗಳಿಗೂ ಶಾಖೆಗಳನ್ನು ಕೊಡುತ್ತದೆ. ಎಡಗಡೆಯ ಕಂಠಧಮನಿ, ಎಂದರೆ ಕೆರೋಟಿಡ್, ನೇರವಾಗಿ ಕಮಾನಿನಿಂದಲೇ ಹುಟ್ಟುತ್ತದೆ. ಬಲಗಡೆಯದು ಬಲದೋಳಿನ ಧಮನಿಯೊಡನೆ ಒಂದೇ ಕಾಂಡದಿಂದ ಕವಲೊಡೆಯುತ್ತದೆ. ಎರಡೂ ಕೊರಳಿನಲ್ಲಿ ಮೇಲೇರಿ, ಬಹುಮಂದಿಯಲ್ಲಿ ಗಂಟಲುಮಣಿಯ ಮೇಲಂಚಿನ ಮಟ್ಟದಲ್ಲಿ, ಕತ್ತಿನ ಮೂರನೆಯ ಅಥವಾ ನಾಲ್ಕನೆಯ ಮಣಿಮೂಳೆಯ ನೇರಕ್ಕೆ ಇಬ್ಭಾಗವಾಗುತ್ತವೆ. ಒಳಗವಲು ಮೆದುಳಿಗೂ ಕಣ್ಣಿಗೂ ಹೋದರೆ ಹೊರಗವಲು ಮುಖಕ್ಕೆ ಹೋಗುತ್ತದೆ. ಈ ಕವಲಿನ ಬುಡದಲ್ಲಿ ಧಮನಿಯು ತುಸು ಉಬ್ಬಿಕೊಂಡಿದೆ. ಅಲ್ಲಿ ರಕ್ತದ ಹರಿವು ಹೊರಗೋಡೆಯ ಬಳಿ ಮಂದವಾಗಿ ಸುಳಿಸುತ್ತುವುದರಿಂದ, ಕೊಬ್ಬು, ನಾರು, ಸುಣ್ಣಗಳ ಲೇಪವು ವರ್ಷಗಟ್ಟಲೆ ಬೆಳೆಯುವುದು ಪ್ರಾಯಶಃ ಇದೇ ಎಡೆಯಲ್ಲಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ, ಹೊಗೆಸೊಪ್ಪು, ಇವೆಲ್ಲ ಅದಕ್ಕೆ ಪೋಷಕಗಳು.

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಕಂಠನಾಡಿಯ ಇಕ್ಕೆಲಗಳಲ್ಲಿರುವ ನೀಲಾ, ಮನ್ಯಾ ಎಂಬ ಮರ್ಮಗಳನ್ನು ಹೆಸರಿಸಿ, ಅಲ್ಲಿ ಗಾಯವಾದರೆ ಮೂಕತೆಯೂ ಸ್ವರವಿಕಾರವೂ ರುಚಿಯ ನಾಶವೂ ಸಂಭವಿಸುವುವೆಂದು ಹೇಳಿದೆ. ಪ್ರಾಚೀನರ ಮಾತನ್ನು ಇಂದಿನ ಅಂಗರಚನಾಶಾಸ್ತ್ರದ ಮೇಲೆ ಬಲಾತ್ಕಾರದಿಂದ ಹೊಂದಿಸುವ ಚಪಲ ನನಗಿಲ್ಲ. ಆದರೂ ಇಂದಿನ ಶಸ್ತ್ರವೈದ್ಯನು ಕಂಠಧಮನಿಯನ್ನು ಬಿಡಿಸುವಾಗ ಧ್ವನಿಪೆಟ್ಟಿಗೆಯ ನರಕ್ಕೂ ನಾಲಗೆಯನ್ನಾಡಿಸುವ ನರಕ್ಕೂ ಪೆಟ್ಟು ತಗುಲದಂತೆ ಎಚ್ಚರವಹಿಸುವುದನ್ನು ಕಂಡಾಗ ಆ ಸಾಲು ನೆನಪಾಗದಿರದು.

ಧಮನಿಯನ್ನು ತೆರೆದು ಒಳಗಿನ ಲೇಪವನ್ನು ಸುಲಿದು ತೆಗೆಯುವ ಶಸ್ತ್ರಕ್ರಿಯೆಯನ್ನು 1953ರಲ್ಲಿ ಹ್ಯೂಸ್ಟನ್‌ನಲ್ಲಿ ಮೈಕೇಲ್ ಡಿಬೇಕಿಯವರು ಮಾಡಿದರು. ಮರುವರ್ಷ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಈಸ್ಟ್‌ಕಾಟ್, ಪಿಕರಿಂಗ್, ರಾಬ್ ಎಂಬ ಮೂವರು ಕಂಠಧಮನಿಯ ಮರುಜೋಡಣೆಯನ್ನು ಪ್ರಕಟಿಸಿದ ಮೇಲೆ ಈ ಚಿಕಿತ್ಸೆ ಲೋಕದ ಗಮನಕ್ಕೆ ಬಂದಿತು. ಉತ್ತರ ಅಮೆರಿಕದಲ್ಲಿ ನಡೆದು 1991ರಲ್ಲಿ ಪ್ರಕಟವಾದ ಪರೀಕ್ಷಣೆಯೊಂದರಲ್ಲಿ, ಮುನ್ಸೂಚನೆ ಕಾಣಿಸಿಕೊಂಡು ಧಮನಿಯು ಶೇಕಡಾ 70ಕ್ಕಿಂತ ಹೆಚ್ಚು ಕಿರಿದಾಗಿದ್ದವರ ಪೈಕಿ, ಔಷಧಿಯೊಂದನ್ನೇ ನೆಚ್ಚಿದವರಲ್ಲಿ ಎರಡು ವರ್ಷಗಳೊಳಗೆ ಅದೇ ಬದಿಯ ಲಕ್ವಕ್ಕೆ ಗುರಿಯಾದವರು ಶೇಕಡಾ 26 ಆಗಿದ್ದರೆ, ಶಸ್ತ್ರಕ್ರಿಯೆಗೆ ಒಳಗಾದವರಲ್ಲಿ ಶೇಕಡಾ 9 ಮಾತ್ರ. ಅನಂತರ ಬಂದದ್ದು ಸ್ಟೆಂಟ್: ತೊಡೆಯ ಸಂದಿನಿಂದಲೋ ಮಣಿಕಟ್ಟಿನಿಂದಲೋ ಕ್ಯಾಥೆಟರನ್ನು ತೂರಿಸಿ, ಕಿರಿದಾದೆಡೆಯಾಚೆ ತುಣುಕುಗಳನ್ನು ಹಿಡಿಯುವ ಸೂಕ್ಷ್ಮ ಜಾಲರಿಯನ್ನು ಬಿಚ್ಚಿ, ನಿಕ್ಕಲ್ ಟೈಟೇನಿಯಂ ಮಿಶ್ರಲೋಹದ ಬಲೆಗೊಳವೆಯನ್ನು ಅಲ್ಲಿ ಅರಳಿಸುವ ಕ್ರಮ. 2010ರಲ್ಲಿ ಪ್ರಕಟವಾದ ಕ್ರೆಸ್ಟ್ ಎಂಬ ಪರೀಕ್ಷಣೆಯಲ್ಲಿ 2502 ರೋಗಿಗಳನ್ನು ಎರಡು ಪಂಗಡಗಳಾಗಿ ವಿಂಗಡಿಸಿ ನೋಡಿದಾಗ, ಒಟ್ಟು ಫಲದಲ್ಲಿ ಎರಡೂ ಹೆಚ್ಚುಕಡಮೆ ಸಮವಾದುವು. ಆದರೆ ಚಿಕಿತ್ಸೆಯ ಆಸುಪಾಸಿನ ದಿನಗಳಲ್ಲಿ ಲಕ್ವವು ಸ್ಟೆಂಟಿನಲ್ಲಿ ಹೆಚ್ಚು, ಹೃದಯಾಘಾತವು ಶಸ್ತ್ರಕ್ರಿಯೆಯಲ್ಲಿ ಹೆಚ್ಚು ಎಂದು ಕಂಡುಬಂದಿತು. ಎಪ್ಪತ್ತು ದಾಟಿದವರಿಗೆ ಶಸ್ತ್ರಕ್ರಿಯೆಯೇ ಮೇಲೆನಿಸಿತು.

ವಯಸ್ಸಾದವರಲ್ಲಿ ಸ್ಟೆಂಟ್ ಏಕೆ ಹಿಂದೆ ಬಿದ್ದಿತು ಎಂಬ ಪ್ರಶ್ನೆಗೆ ಉತ್ತರದ ಬಹುಭಾಗ ಅಂಗರಚನೆಯಲ್ಲಿದೆ. ಪ್ರಾಯದಲ್ಲಿ ಮಹಾಧಮನಿಯ ಕಮಾನು ಚಪ್ಪಟೆಯಾಗಿದ್ದು ಮೂರು ಶಾಖೆಗಳೂ ಅದರ ನೆತ್ತಿಯಿಂದಲೇ ಹೊರಡುತ್ತವೆ. ವಯಸ್ಸೇರಿದಂತೆ, ದೀರ್ಘಕಾಲದ ರಕ್ತದೊತ್ತಡದಿಂದ ಮತ್ತಷ್ಟು, ಧಮನಿ ಉದ್ದವಾಗಿ ಕಮಾನು ಮೇಲಕ್ಕೆ ಚೂಪಾಗುವುದರಿಂದ ಶಾಖೆಗಳ ಹುಟ್ಟು ನೆತ್ತಿಯಿಂದ ಬಹು ಕೆಳಗೆ ಜಾರಿಬಿಡುತ್ತದೆ. ಕೆಳಗಿನಿಂದ ಬಂದ ಕ್ಯಾಥೆಟರು ನೆತ್ತಿಯನ್ನು ದಾಟಿ, ಹಿಮ್ಮುಖವಾಗಿ ಇಳಿದು, ಮತ್ತೆ ಥಟ್ಟನೆ ಮೇಲಕ್ಕೆ ತಿರುಗಬೇಕು. ತುಂಬಿದ ಉದ್ದನೆಯ ಲಾರಿಗೆ ತೊಪ್ಪೂರು ಘಾಟಿಯ ತಿರುವು ಎಂಥದೋ ಕ್ಯಾಥೆಟರಿಗೆ ಈ ಕಮಾನು ಅಂಥದು. ಮೂರನೆಯ ಬಗೆಯೆಂದು ವೈದ್ಯರು ಗುರುತಿಸುವ ಈ ಕಮಾನಿನಲ್ಲಿ ಒಂದೊಂದು ತಿಣುಕಾಟವೂ ಗೋಡೆಯ ಸುಣ್ಣವನ್ನು ಕೆದಕಿ ಮೆದುಳಿನತ್ತ ಕಳುಹಿಸಬಲ್ಲದು. ಜಾಲರಿಯನ್ನು ಬಿಚ್ಚುವ ಮೊದಲೇ ಹಾನಿ ನಡೆದುಹೋಗಿರುತ್ತದೆ. ಕೆಲವರಲ್ಲಿ ಎಡ ಕಂಠಧಮನಿಯು ಬಲಗಡೆಯ ಕಾಂಡದೊಡನೆಯೇ ಹುಟ್ಟುವುದೂ ಉಂಟು. ತೊಡೆಯಿಂದ ಅದನ್ನು ಹಿಡಿಯುವುದು ಕಷ್ಟವಾದರೂ ಬಲ ಮಣಿಕಟ್ಟಿನಿಂದ ಹೋದವರಿಗೆ ಅದೇ ಸುಗಮ ಮಾರ್ಗವಾಗುತ್ತದೆ.

ಕಮಾನನ್ನು ದಾಟಿದ ಮೇಲೂ ವಿಚಾರ ಮುಗಿಯಲಿಲ್ಲ. ಧಮನಿಯ ಸುತ್ತಲೂ ಉಂಗುರದಂತೆ ಸುಣ್ಣ ಕಟ್ಟಿದ್ದರೆ ಸ್ಟೆಂಟು ಪೂರ್ತಿಯಾಗಿ ಅರಳದು. ಒಳಗವಲು ಕುಣಿಕೆಯಂತೆ ಸುತ್ತಿಕೊಂಡಿದ್ದರೆ ಜಾಲರಿಯನ್ನು ನಿಲ್ಲಿಸಲು ಎರಡಂಗುಲದ ನೇರ ತಾವೂ ದೊರೆಯದು. ಲೇಪದ ಮೇಲೆ ಹಸಿಯ ಹೆಪ್ಪು ತೂಗುತ್ತಿದ್ದರೆ ಅದನ್ನು ತಂತಿಯಿಂದ ಮುಟ್ಟದಿರುವುದೇ ವಿವೇಕ. ಇಂಥ ಕಡೆಗಳಲ್ಲಿ ಶಸ್ತ್ರಕ್ರಿಯೆ ಮೇಲು. ಸುಣ್ಣವೂ ಬಳುಕೂ ಶಸ್ತ್ರವೈದ್ಯನಿಗೆ ಅಷ್ಟಾಗಿ ಅಡ್ಡಿಯಲ್ಲ, ಬಳುಕಿದ ಧಮನಿಯನ್ನು ಅವನು ಕತ್ತರಿಸಿ ಮೊಟಕುಮಾಡಿ ಜೋಡಿಸಲೂ ಬಲ್ಲ.

ಅವನ ಕಷ್ಟಗಳೇ ಬೇರೆ. ರೋಗಿಯನ್ನು ಅಂಗಾತ ಮಲಗಿಸಿ, ಭುಜಗಳ ಕೆಳಗೆ ಒತ್ತು ಕೊಟ್ಟು, ಕೊರಳನ್ನು ಹಿಂದಕ್ಕೆ ಚಾಚಿ, ಮುಖವನ್ನು ಎದುರು ಬದಿಗೆ ತಿರುಗಿಸಿದರಲ್ಲವೆ ಕಂಠಧಮನಿ ಕೈಗೆ ನಿಲುಕುವುದು! ಕವಲು ಎರಡನೆಯ ಮಣಿಮೂಳೆಗಿಂತ ಮೇಲಿದ್ದರೆ ದವಡೆಯ ಮೂಳೆಯೇ ಬಾಗಿಲಾಗಿ ಅಡ್ಡ ನಿಲ್ಲುತ್ತದೆ. ಬಾಯಿಯ ಕ್ಯಾನ್ಸರಿಗಾಗಿ ಕೊರಳಿಗೆ ವಿಕಿರಣ ಪಡೆದವರಲ್ಲಿ, ಹೊಗೆಸೊಪ್ಪು ಜಗಿಯುವ ನಮ್ಮ ದೇಶದಲ್ಲಿ ಇಂಥವರು ಕಡಮೆಯೇನಲ್ಲ, ಚರ್ಮವೂ ಸ್ನಾಯುವೂ ಬೆಸೆದುಕೊಂಡು ಗಡುಸಾಗಿರುವುದರಿಂದ ನರಗಳನ್ನು ಬಿಡಿಸುವುದೇ ದುಸ್ತರ. ಹಿಂದಿನ ಯಾವುದೋ ಗಂಟಲ ಚಿಕಿತ್ಸೆಯಿಂದ ಎದುರು ಬದಿಯ ಸ್ವರತಂತು ಈಗಾಗಲೇ ನಿಶ್ಚೇಷ್ಟವಾಗಿದ್ದರೆ, ಈ ಬದಿಯ ನರಕ್ಕೂ ಪೆಟ್ಟಾದಲ್ಲಿ ಉಸಿರಾಟಕ್ಕೇ ಸಂಚಕಾರ.

ಸೇಲಂ ಧರ್ಮಪುರಿಗಳ ಪ್ರಸ್ತಾಪವನ್ನು ನಾನು ಮೊದಲಲ್ಲೇ ತಂದುದು ಈ ಕೊರಳಿನ ಚಾಚುವಿಕೆಯ ಸಲುವಾಗಿಯೇ. 1965ರಲ್ಲಿ ಸೇಲಂನಿಂದ ಬೇರ್ಪಟ್ಟ ಧರ್ಮಪುರಿ ಜಿಲ್ಲೆಯ ನೆಲ ಗಟ್ಟಿ ಶಿಲೆಯದು. ಆ ಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಮಳೆ ಕಡಮೆಯಾಗಿ ಬೋರ್‌ವೆಲ್ಲು ಆಳವಾದಷ್ಟೂ ಈ ನೀರೇ ಬಿಂದಿಗೆಗೆ ಬರುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಮಾನ್ಯವಾದ ಮಿತಿ. ಅದು ಮೀರಿದ ನೀರನ್ನು ದಶಕಗಳ ಕಾಲ ಕುಡಿದವರಲ್ಲಿ ಹಲ್ಲು ಕಂದುಗಟ್ಟುವುದು ಎಲ್ಲರ ಕಣ್ಣಿಗೂ ಬೀಳತಕ್ಕ ಲಕ್ಷಣ. ಕಣ್ಣಿಗೆ ಬೀಳದೆ ಸಾಗುವುದು ಮೂಳೆಗಳ ವಿಕಾರ. ಬೆನ್ನೆಲುಬಿನ ಸಂಧಿಬಂಧಗಳಲ್ಲಿ ಸುಣ್ಣ ಕೂಡಿ, ಮಣಿಮೂಳೆಗಳ ಅಂಚುಗಳಲ್ಲಿ ಮೊನೆಗಳೆದ್ದು, ಕತ್ತು ಕ್ರಮೇಣ ಸೆಟೆದುಕೊಳ್ಳುತ್ತದೆ. ಮದರಾಸು ಪ್ರಾಂತ್ಯದ ನೆಲ್ಲೂರಿನಿಂದ 1937ರಲ್ಲೇ ವರದಿಯಾದ ಈ ರೋಗವನ್ನು ಹಳ್ಳಿಯ ಜಗಲಿಯ ಮೇಲೆಯೇ ಪತ್ತೆಹಚ್ಚುವ ಉಪಾಯವೊಂದಿದೆ: ಮೊಣಕಾಲು ಬಗ್ಗಿಸದೆ ಕಾಲ್ಬೆರಳನ್ನು ಮುಟ್ಟಿ ಎನ್ನುವುದು, ಗಲ್ಲವನ್ನು ಎದೆಗೆ ತಾಗಿಸಿ ಎನ್ನುವುದು, ಎರಡು ಕೈಗಳನ್ನೂ ತಲೆಯ ಹಿಂದಕ್ಕೆ ಒಯ್ಯಿರಿ ಎನ್ನುವುದು. ರೋಗ ಬಲಿತವನ ಗಲ್ಲ ಎದೆಯಿಂದ ನಾಲ್ಕು ಬೆರಳು ದೂರದಲ್ಲೇ ನಿಂತುಬಿಡುತ್ತದೆ. ಮುಂದಕ್ಕೆ ಬಾಗದ ಆ ಕತ್ತು ಹಿಂದಕ್ಕೂ ಚಾಚದು, ಪಕ್ಕಕ್ಕೂ ತಿರುಗದು.

ಇಂಥವನೊಬ್ಬನು ಅರುವತ್ತೈದರ ಪ್ರಾಯದಲ್ಲಿ, ಎಡ ಕಂಠಧಮನಿ ಕಿರಿದಾಗಿ ಬಲಗೈ ಸೋತು, ಧರ್ಮಪುರಿಯ ಇಲ್ಲವೆ ಸೇಲಂನ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬಂದನೆಂದು ಇಟ್ಟುಕೊಳ್ಳೋಣ. ಸೆಟೆದ ಕತ್ತನ್ನು ಅರಿವಳಿಕೆಯ ಮಬ್ಬಿನಲ್ಲಿ ಬಲವಂತವಾಗಿ ಹಿಂದಕ್ಕೆ ಚಾಚಿದರೆ, ಮೊದಲೇ ಇಕ್ಕಟ್ಟಾದ ನಾಳದೊಳಗಿನ ಬೆನ್ನುಹುರಿ ನಲುಗಬಹುದು; ಉಸಿರುನಳಿಕೆಯನ್ನು ಇಳಿಸುವುದೂ ಕಷ್ಟ. ಅಲುಗದ ಕತ್ತು ಶಸ್ತ್ರಕ್ರಿಯೆಯ ಅಪಾಯವನ್ನು ಹೆಚ್ಚಿಸುವ ಅಂಗಲಕ್ಷಣಗಳಲ್ಲಿ ಒಂದೆಂದು ಶಾಸ್ತ್ರಗ್ರಂಥಗಳೂ ಒಪ್ಪುತ್ತವೆ. ಸ್ಟೆಂಟಿಗಾದರೋ ಕತ್ತು ಚಾಚಬೇಕಾದುದಿಲ್ಲ. ಆದರೆ ಅದೇ ಮನುಷ್ಯನ ವಯಸ್ಸೂ ಹಳೆಯ ರಕ್ತದೊತ್ತಡವೂ ಅವನ ಕಮಾನನ್ನು ಮೂರನೆಯ ಬಗೆಗೆ ತಂದಿಟ್ಟಿದ್ದರೆ? ನನ್ನ ಎಣಿಕೆಯಲ್ಲಿ ಈ ಸೀಮೆಯ ವೈದ್ಯರು ಕಿರಿದಾದ ಧಮನಿಯ ಶೇಕಡಾವಾರನ್ನು ಬರೆಯುವ ಕಾಗದದಲ್ಲೇ ಗಲ್ಲಕ್ಕೂ ಎದೆಗೂ ಇರುವ ಅಂತರವನ್ನೂ ಬರೆಯಬೇಕು. ಹೊಗೇನಕಲ್ಲಿನ ಕಾವೇರಿಯ ನೀರನ್ನು ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಹರಿಸುವ, ಜಪಾನಿನ ಸಾಲದ ನೆರವಿನಿಂದ ಕಟ್ಟಿದ ಯೋಜನೆ 2013ರಲ್ಲಿ ಕಾರ್ಯಾರಂಭ ಮಾಡಿದುದು ಮಕ್ಕಳ ಹಲ್ಲು ಮೂಳೆಗಳಿಗೆ ಮಹೋಪಕಾರವೇ ಸರಿ. ಆದರೆ ಅದಕ್ಕೆ ಮುಂಚೆ ನಲವತ್ತು ವರ್ಷ ಬೋರ್‌ವೆಲ್ಲಿನ ನೀರು ಕುಡಿದವರ ಕತ್ತಿನಲ್ಲಿ ಕೂಡಿದ ಸುಣ್ಣವನ್ನು ಯಾವ ನದಿಯೂ ಕರಗಿಸಲಾರದು, ಲಕ್ವದ ಪ್ರಾಯಕ್ಕೆ ಈಗ ಕಾಲಿಡುತ್ತಿರುವವರು ಅವರೇ.

ಕಮಾನನ್ನು ಪೂರ್ತಿ ತಪ್ಪಿಸುವ ಮೂರನೆಯ ಮಾರ್ಗವೊಂದೂ ಉಂಟು. ಕೊರಳಿನ ಬುಡದಲ್ಲಿ ಸಣ್ಣದಾಗಿ ಕೊಯ್ದು, ಕಂಠಧಮನಿಗೇ ನೇರವಾಗಿ ನಳಿಕೆಯಿಟ್ಟು, ರಕ್ತವನ್ನು ಸ್ವಲ್ಪ ಹೊತ್ತು ಹಿಮ್ಮುಖವಾಗಿ ಹರಿಸುತ್ತ ಸ್ಟೆಂಟನ್ನು ಕೂರಿಸುವ ಈ ಕ್ರಮಕ್ಕೆ ಅಮೆರಿಕದಲ್ಲಿ 2015ರಲ್ಲಿ ಅನುಮತಿ ದೊರೆಯಿತು. ಇದಕ್ಕೂ ತನ್ನದೇ ಕಟ್ಟಳೆಗಳು: ಕೊರಳೆಲುಬಿನಿಂದ ಕವಲಿನವರೆಗೆ ಕನಿಷ್ಠ 5 ಸೆಂಟಿಮೀಟರ್ ಅಂತರವಿರಬೇಕು, ಧಮನಿಯ ವ್ಯಾಸ 6 ಮಿಲಿಮೀಟರಿಗೆ ಕಡಮೆಯಿರಬಾರದು, ಚುಚ್ಚುವೆಡೆಯಲ್ಲಿ ಸುಣ್ಣವಿರಬಾರದು. ಗಿಡ್ಡ ಕೊರಳಿನವರಿಗೂ, ಬೆನ್ನು ಗೂನಾಗಿ ಗಲ್ಲ ಕೆಳಗಿಳಿದವರಿಗೂ ಈ ಬಾಗಿಲೂ ಮುಚ್ಚಿರಬಹುದು.

ಇಷ್ಟನ್ನೆಲ್ಲ ಮೊದಲೇ ಅರಿಯುವುದು ಹೇಗೆಂದರೆ, ಡಾಪ್ಲರ್ ಸ್ಕ್ಯಾನಿನಿಂದ ತೊಡಗಿ ಸಿಟಿ ಆಂಜಿಯೋಗ್ರಾಮಿನಲ್ಲಿ ಮುಗಿಸಬೇಕು. ಜೆಲ್ ಸವರಿದ ಕೊರಳಿನ ಮೇಲೆ ಸ್ಕ್ಯಾನಿನ ಹಿಡಿಯನ್ನು ಆಡಿಸಿದಾಗ, ಕಿರಿದಾದೆಡೆಯಲ್ಲಿ ರಕ್ತ ನುಗ್ಗುವ ವೇಗ ಸೆಕೆಂಡಿಗೆ 230 ಸೆಂಟಿಮೀಟರ್ ಮೀರಿದ್ದರೆ ಕಿರಿದಾಗುವಿಕೆ ಶೇಕಡಾ 70ಕ್ಕಿಂತ ಹೆಚ್ಚೆಂದು ಗಣಿಸುತ್ತಾರೆ. ಅಗ್ಗವೂ ನಿರಪಾಯವೂ ಆದ ಈ ಪರೀಕ್ಷೆಗೆ ಕೊರಳಷ್ಟೇ ಕಾಣುತ್ತದೆ. ಎದೆಯೊಳಗಿನ ಕಮಾನಾಗಲಿ ದವಡೆಯ ಮರೆಯ ಭಾಗವಾಗಲಿ ಕಾಣದು. ಸಿಟಿಯಲ್ಲಿ, ಮೂತ್ರಪಿಂಡಗಳು ಬಣ್ಣದ ದ್ರವವನ್ನು ತಾಳುವುವೆಂದು ರಕ್ತಪರೀಕ್ಷೆಯಿಂದ ಖಾತ್ರಿಮಾಡಿಕೊಂಡ ಮೇಲೆ, ಎದೆಯಿಂದ ನೆತ್ತಿಯವರೆಗೆ ಒಂದೇ ಸುತ್ತಿನಲ್ಲಿ ಚಿತ್ರ ತೆಗೆದರೆ, ಕಮಾನಿನ ಬಗೆ, ಸುಣ್ಣದ ಉಂಗುರ, ಕವಲಿನ ಎತ್ತರ, ಮಣಿಮೂಳೆಗಳ ಮೊನೆ, ಮೆದುಳಿನ ಬುಡದಲ್ಲಿ ಧಮನಿಗಳು ಕೂಡಿ ಆಗುವ ವರ್ತುಲ ಪೂರ್ಣವಾಗಿದೆಯೆ ಎಂಬುದು, ಇವೆಲ್ಲ ಒಟ್ಟಿಗೆ ಸಿಕ್ಕುತ್ತವೆ. ಆ ವರ್ತುಲ ಅಪೂರ್ಣವಾಗಿದ್ದರೆ, ಶಸ್ತ್ರವೈದ್ಯನು ಧಮನಿಯನ್ನು ಅದುಮಿಡುವ ಹೊತ್ತಿನಲ್ಲಿ ಮೆದುಳಿಗೆ ಪರ್ಯಾಯ ನಳಿಕೆಯಿಂದ ರಕ್ತವನ್ನೊದಗಿಸಬೇಕಾಗುತ್ತದೆ.

ಯಾವ ಮಾರ್ಗಕ್ಕೂ ಒಗ್ಗದ ಕೊರಳುಗಳೂ ಉಂಟೆಂಬುದನ್ನು ಹೇಳದೆ ಬಿಡಲಾಗದು. ಏಷ್ಯಾದವರಲ್ಲಿ ತಲೆಬುರುಡೆಯೊಳಗಣ ಧಮನಿಗಳೇ ಕಿರಿದಾಗುವುದು ಪಾಶ್ಚಾತ್ಯರಿಗಿಂತ ಹೆಚ್ಚಾದುದರಿಂದ, ಕೊರಳನ್ನು ರಿಪೇರಿ ಮಾಡಿ ಪ್ರಯೋಜನವಿಲ್ಲದ ರೋಗಿಗಳೂ ಹಲವರು. ಇಂಥವರಿಗೆ ಆಸ್ಪಿರಿನ್, ಸ್ಟ್ಯಾಟಿನ್, ರಕ್ತದೊತ್ತಡದ ಗುಳಿಗೆ, ಬೀಡಿಯ ತ್ಯಾಗ, ಇವೇ ಚಿಕಿತ್ಸೆ. ಇದನ್ನು ಕೈಚೆಲ್ಲಿದಂತೆ ಎಂದು ರೋಗಿಯ ಮನೆಯವರು ತಿಳಿಯಬೇಕಾಗಿಲ್ಲ. ಒಗ್ಗುವವರ ವಿಷಯದಲ್ಲಾದರೋ ಅವಧಿಯ ನಿರ್ಬಂಧವಿದೆ: ಮುನ್ಸೂಚನೆಯಾದ ಎರಡು ವಾರಗಳೊಳಗೆ ನಡೆದ ಶಸ್ತ್ರಕ್ರಿಯೆಯಿಂದಲೇ ಲಾಭ ಅತ್ಯಧಿಕ, ತಡವಾದಷ್ಟೂ ಅದು ಇಳಿಯುತ್ತದೆ. ಡಾಪ್ಲರಿಗೊಂದು ದಿನ, ಸಿಟಿಗೊಂದು ವಾರ, ಬೆಂಗಳೂರಿಗೋ ಕೊಯಮತ್ತೂರಿಗೋ ಹೋಗುವ ಸಮಾಲೋಚನೆಗೆ ಹಬ್ಬ ಕಳೆಯಲಿ ಎಂದು ದಿನ ತಳ್ಳಿದರೆ ಆ ಎರಡು ವಾರ ಸಂದುಹೋಗುತ್ತದೆ. ಆದಕಾರಣ ಕೈ ಸೋತು ಸರಿಹೋದ ದಿನವೇ ಆಸ್ಪತ್ರೆಗೆ ಹೋಗಿ, ಕೊರಳಿನ ಚಿತ್ರ ತೆಗೆಯಬೇಕಾದರೆ ಎದೆಯ ಕಮಾನನ್ನೂ ಸೇರಿಸಿಯೇ ತೆಗೆಯಬಹುದೆ ಎಂದು ವೈದ್ಯರನ್ನು ಕೇಳಿಬಿಡುವುದು ಒಳ್ಳೆಯದು.