ದಂಡದ ನೋಟಿಸಿಗೆ ಶ್ರಾವಕನ ಉತ್ತರ

ಕನಕಪುರದಿಂದ ಸಂಗಮದ ಕಡೆಗೆ ಸಾಗುವ ದಾರಿಯಲ್ಲಿರುವ ದೊಡ್ಡಆಲಹಳ್ಳಿಯಂಥ ಊರಿನಲ್ಲಿ ವಾಹನ ನಿಲ್ಲಿಸಲು ಜಾಗ ಹುಡುಕಬೇಕಾದ ಪ್ರಸಂಗ ಅಪರೂಪ. ಮರದ ನೆರಳು ಕಂಡಲ್ಲಿ ನಿಲ್ಲಿಸಿದರಾಯಿತು. ಅದೇ ವಾಹನ ಬೆಂಗಳೂರಿಗೆ ಹೋದ ದಿನ ಕಥೆ ಬೇರೆ. ಆಸ್ಪತ್ರೆಯ ಮುಂದೋ ಕಚೇರಿಯ ಬದಿಯಲ್ಲೋ ಅರ್ಧ ಗಂಟೆ ನಿಲ್ಲಿಸಿ ಬಂದವನ ಮೊಬೈಲಿಗೆ ಕೆಲವು ದಿನಗಳ ನಂತರ ಸಂದೇಶ ಬರುತ್ತದೆ: ವಾಹನದ ಸಂಖ್ಯೆ, ಸ್ಥಳ, ಸಮಯ, ಒಂದು ಛಾಯಾಚಿತ್ರ, ಕಟ್ಟಬೇಕಾದ ದಂಡ. ಕಟ್ಟಬೇಕೆ, ಆಕ್ಷೇಪಿಸಬೇಕೆ ಎಂಬ ಪ್ರಶ್ನೆ ಅಲ್ಲಿಂದ ಆರಂಭ. ಲೋಕರೂಢಿಯಲ್ಲಿ ಇದು ಹಣ ಮತ್ತು ಸಮಯದ ಲೆಕ್ಕಾಚಾರ. ಅಣುವ್ರತಗಳನ್ನು ಸ್ವೀಕರಿಸಿದ ಗೃಹಸ್ಥನಿಗೆ ಮಾತ್ರ ಇದರಲ್ಲಿ ಎರಡು ವ್ರತಗಳು ತೂಗುತ್ತಿರುತ್ತವೆ: ಅಚೌರ್ಯ ಮತ್ತು ಸತ್ಯ.

ವಾಹನ ನಿಲುಗಡೆಗೂ ಕಳವಿಗೂ ಏನು ಸಂಬಂಧ ಎಂದು ಕೇಳಬಹುದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳಿವೆ. ಕಳ್ಳನನ್ನು ಪ್ರೇರೇಪಿಸುವುದು, ಕದ್ದ ವಸ್ತುವನ್ನು ಕೊಳ್ಳುವುದು, ತೂಕ ಅಳತೆಗಳಲ್ಲಿ ಮೋಸ ಮಾಡುವುದು, ಕಲಬೆರಕೆ ಇವು ನಾಲ್ಕು ಎಲ್ಲರಿಗೂ ಅರ್ಥವಾಗುತ್ತವೆ. ಇವುಗಳ ನಡುವೆಯೇ ಕುಳಿತಿರುವ ಇನ್ನೊಂದು ವಿರುದ್ಧರಾಜ್ಯಾತಿಕ್ರಮ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಇದೇ ಸ್ಥಾನದಲ್ಲಿ ವಿಲೋಪ ಎಂಬ ಪದವನ್ನು ಬಳಸಿದ್ದಾರೆ. ರಾಜ್ಯದ ನ್ಯಾಯವಾದ ಕಟ್ಟಳೆಯನ್ನು ತಪ್ಪಿಸಿಕೊಂಡು ಲಾಭ ಪಡೆಯುವುದನ್ನು ಆಚಾರ್ಯರು ಅವಿಧೇಯತೆ ಎನ್ನಲಿಲ್ಲ, ಕಳವಿನ ಪಂಕ್ತಿಯಲ್ಲಿ ಕೂರಿಸಿದರು. ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದೇ ಕಳವು ಎಂಬ ಲಕ್ಷಣವನ್ನು ನೆನೆದರೆ ಕಾರಣ ಸ್ಪಷ್ಟವಾಗುತ್ತದೆ. ಪಾದಚಾರಿ ಮಾರ್ಗದ ಮೇಲೆ ನಿಂತ ಕಾರು ನಾಲ್ಕು ಅಡಿ ಜಾಗವನ್ನು ಯಾರೋ ಒಬ್ಬರಿಂದ ಕಿತ್ತುಕೊಂಡಿದೆ. ಕೋಲೂರಿಕೊಂಡು ಬರುವ ವೃದ್ಧೆ ರಸ್ತೆಗಿಳಿದು, ಬಸ್ಸುಗಳ ಪಕ್ಕದಲ್ಲಿ ಜೀವ ಬಿಗಿಹಿಡಿದು ದಾಟಬೇಕು. ಆಕೆ ದೂರು ಕೊಡುವುದಿಲ್ಲ. ಕಿತ್ತುಕೊಂಡವನಿಗೆ ಆಕೆಯ ಮುಖವೂ ಗೊತ್ತಿರುವುದಿಲ್ಲ.

ಆದ್ದರಿಂದ ನೋಟಿಸು ಬಂದೊಡನೆ ಕೇಳಿಕೊಳ್ಳಬೇಕಾದದ್ದು ‘ಗೆಲ್ಲಬಹುದೆ’ ಎಂದಲ್ಲ, ‘ನಡೆದದ್ದು ನಿಜವೆ’ ಎಂದು. ಇಲ್ಲಿ ಮನಸ್ಸು ಬಹಳ ಚತುರ. ‘ಅಲ್ಲಿ ಫಲಕವೇ ಇರಲಿಲ್ಲ’ ಎಂಬುದು ಎಲ್ಲರ ಮೊದಲ ಉತ್ತರ. ಫಲಕವಿಲ್ಲದೆ ನಿಷೇಧಿಸಿದ್ದರೆ ಅದು ನ್ಯಾಯವಾದ ಆಕ್ಷೇಪವೇ ಸರಿ. ಆದರೆ ಮೋಟಾರು ವಾಹನಗಳ ಚಾಲನಾ ನಿಬಂಧನೆಗಳು, 2017, ಪಾದಚಾರಿ ಮಾರ್ಗ, ರಸ್ತೆ ದಾಟುವ ಪಟ್ಟಿ, ಬಸ್ ನಿಲ್ದಾಣ, ಅನ್ಯರ ಆವರಣದ ಪ್ರವೇಶದ್ವಾರ ಮುಂತಾದೆಡೆ ವಾಹನ ನಿಲ್ಲಿಸಬಾರದೆನ್ನುತ್ತವೆ. ಅಲ್ಲೆಲ್ಲ ಫಲಕವಿದ್ದರೂ ಇಲ್ಲದಿದ್ದರೂ ಅದು ತಪ್ಪೇ. ಇನ್ನೊಂದು ಉತ್ತರ ‘ನೋಟಿಸು ತಡವಾಗಿ ಬಂತು’ ಎಂಬುದು. ಕ್ಯಾಮೆರಾ ಹಿಡಿದ ಉಲ್ಲಂಘನೆಯ ನೋಟಿಸನ್ನು 15 ದಿನಗಳೊಳಗೆ ಕಳುಹಿಸಬೇಕೆಂಬ ಮಿತಿಯನ್ನು 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಲಾಯಿತು. ತಡವಾದ ನೋಟಿಸು ಕಾನೂನಿನಲ್ಲಿ ಬಿದ್ದುಹೋದರೂ ಹೋಗಬಹುದು. ವೃದ್ಧೆ ರಸ್ತೆಗಿಳಿದದ್ದು ಅದರಿಂದ ಬದಲಾಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಮತ್ತೊಂದು ಮಗ್ಗುಲನ್ನೂ ನೋಡಬೇಕು. ನಮ್ಮ ಸಮಾಜದ ಅನೇಕ ಹಿರಿಯರು, ತಪ್ಪು ಮಾಡದಿದ್ದರೂ ದಂಡ ಕಟ್ಟಿ ಸುಮ್ಮನಿರುವುದೇ ಉತ್ತಮಕ್ಷಮೆ ಎಂದು ಭಾವಿಸುತ್ತಾರೆ. ಕೋರ್ಟು ಕಚೇರಿಯ ಮೆಟ್ಟಿಲು ಹತ್ತುವುದು ಶ್ರಾವಕನಿಗೆ ಶೋಭೆಯಲ್ಲವೆಂಬ ಮಾತನ್ನು ನಾನೂ ಬಾಲ್ಯದಿಂದ ಕೇಳಿದ್ದೇನೆ. ಇದನ್ನು ನಾನು ಒಪ್ಪಲಾರೆ. ಕ್ಷಮೆ ಕ್ರೋಧಕ್ಕೆ ಎದುರಾದದ್ದು, ನ್ಯಾಯಕ್ಕೆ ಎದುರಾದದ್ದಲ್ಲ. ಇದಕ್ಕೆ ನಮ್ಮ ಸೀಮೆಯಲ್ಲಿಯೇ ಕಲ್ಲಿನ ಸಾಕ್ಷಿಯಿದೆ.

ಮಾಗಡಿ ತಾಲ್ಲೂಕಿನ ಕಲ್ಯ ಇಂದು ಸಣ್ಣ ಊರು. ಒಂದು ಕಾಲಕ್ಕೆ ಅದು ಕಲ್ಲೆಹದ ಪಟ್ಟಣ. ಕ್ರಿ.ಶ. 1368ರಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಹಾಗೂ ಈ ಕಲ್ಲೆಹದ ಪಟ್ಟಣವೂ ಸೇರಿದಂತೆ ನಾಡಿನ ಭವ್ಯಜನರು, ಅಂದರೆ ಜೈನರು, ಶ್ರೀವೈಷ್ಣವರಿಂದ ತಮಗಾಗುತ್ತಿರುವ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಅರಸನು ಶ್ರೀವೈಷ್ಣವ ಆಚಾರ್ಯರೂ ಪ್ರಮುಖರೂ ಕೂಡಿದ್ದ ಸಭೆಯಲ್ಲಿ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತನು. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಪೂರ್ವಮರ್ಯಾದೆಯಂತೆ ಉಳಿಯಿತು. ಅಲ್ಲಿಗೇ ನಿಲ್ಲಲಿಲ್ಲ: ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಸಂಗ್ರಹಿಸಿ, ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನಿರಿಸಿ, ಉಳಿದುದರಲ್ಲಿ ಜೀರ್ಣ ಬಸದಿಗಳಿಗೆ ಸುಣ್ಣ ಬಳಿಸುವ ಹೊಣೆಯನ್ನು ತಿರುಮಲೆಯ ತಾತಯ್ಯನಿಗೆ, ಒಬ್ಬ ವೈಷ್ಣವನಿಗೆ, ಒಪ್ಪಿಸಲಾಯಿತು. ಈ ಶಾಸನ ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. ಅದರ ಇನ್ನೊಂದು ಪ್ರತಿ ಕಲ್ಯದಲ್ಲಿ ದೊರೆತಿದೆ. ಆ ಭವ್ಯಜನರು ಬಾಯಿಮುಚ್ಚಿ ಸಹಿಸಲಿಲ್ಲ, ಕತ್ತಿಯನ್ನೂ ಹಿರಿಯಲಿಲ್ಲ. ಅರಸನ ಮುಂದೆ ನಿಂತು ಬಿನ್ನಹ ಮಾಡಿದರು. ಸಾವಿರ ರೂಪಾಯಿಯ ದಂಡಕ್ಕೆ ಇಷ್ಟು ದೊಡ್ಡ ನಿದರ್ಶನವೆ ಎಂದು ನಗುವವರು ನಗಲಿ. ಬಿನ್ನಹದ ಕ್ರಮ ಎರಡಕ್ಕೂ ಒಂದೇ.

ಆ ಕ್ರಮದಲ್ಲಿ ಎಡವುವುದು ಸತ್ಯಾಣುವ್ರತದ ಕಡೆಯಲ್ಲಿ. ಅದರ ಅತಿಚಾರಗಳಲ್ಲೊಂದು ಕೂಟಲೇಖಕ್ರಿಯೆ, ಸುಳ್ಳು ಬರಹವನ್ನು ಸೃಷ್ಟಿಸುವುದು. ಹಿಂದೆ ಇದು ಸಾಲಪತ್ರ ತಿದ್ದುವವರ ಮಾತಾಗಿತ್ತು. ಇಂದು ಆಕ್ಷೇಪಣೆಯ ಅರ್ಜಿಗೆ ಬೇರೆ ದಿನ ತೆಗೆದ ಚಿತ್ರ ಲಗತ್ತಿಸುವುದೂ ಅದೇ. ಮೋಟಾರು ವಾಹನ ಕಾಯ್ದೆಯ 133ನೆಯ ಕಲಮಿನಂತೆ, ಕೇಳಿದಾಗ ಚಾಲಕನ ವಿವರ ಒದಗಿಸುವುದು ಮಾಲೀಕನ ಕರ್ತವ್ಯ. ಮಗನನ್ನು ಉಳಿಸಲು ತಂದೆ ಅಲ್ಲಿ ಇನ್ನೊಬ್ಬನ ಹೆಸರು ಬರೆದರೆ ನಿಲುಗಡೆಯ ಸಣ್ಣ ತಪ್ಪು ವ್ರತದ ದೊಡ್ಡ ತಪ್ಪಾಗಿ ಬೆಳೆಯುತ್ತದೆ. ಕೃತ, ಕಾರಿತ, ಅನುಮೋದನ ಎಂಬ ಮೂರು ವಿಧಗಳನ್ನು ನಮ್ಮ ಶಾಸ್ತ್ರ ಒಂದೇ ಸಾಲಿನಲ್ಲಿ ಎಣಿಸುತ್ತದೆ. ಸಹಿ ಮಾಡಿದವನು, ಮಾಡಿಸಿದವನು, ಪಕ್ಕದಲ್ಲಿ ನಿಂತು ತಲೆದೂಗಿದವನು, ಮೂವರಿಗೂ ಪಾಲುಂಟು. ‘ಒಂದು ಫೋನ್ ಮಾಡಿಸಿದರೆ ಮುಗಿಯುತ್ತದೆ’ ಎನ್ನುವವರ ಬಗೆಗೆ ಪ್ರತ್ಯೇಕವಾಗಿ ಬರೆಯಬೇಕಾಗಿಲ್ಲ.

ರಿಯಾಯಿತಿಯ ಮಾತೂ ಒಂದಿದೆ. 2023ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಾಕಿ ಸಂಚಾರ ದಂಡದ ಮೇಲೆ ಅರ್ಧದಷ್ಟು ವಿನಾಯಿತಿ ನೀಡಿದಾಗ ಕಟ್ಟಲು ಜನ ಮುಗಿಬಿದ್ದರು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಅದೇ ಅವಕಾಶ ಬಂತು. ಕೊಟ್ಟದ್ದನ್ನು ಪಡೆಯುವುದು ಕಳವಲ್ಲ. ಬಡವನಿಗಂತೂ ಅದು ದೊಡ್ಡ ಆಸರೆ. ಆದರೆ ಮುಂದಿನ ರಿಯಾಯಿತಿಗಾಗಿ ಕಟ್ಟದೆ ಕೂರುವುದು ಬೇರೆ. ವಿರುದ್ಧರಾಜ್ಯಾತಿಕ್ರಮವನ್ನು ವಿವರಿಸುತ್ತ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ, ರಾಜ್ಯವು ಅಸ್ತವ್ಯಸ್ತವಾದಾಗ ಬೆಲೆಬಾಳುವ ವಸ್ತು ಅಗ್ಗಕ್ಕೆ ಸಿಕ್ಕೀತೆಂದು ಹವಣಿಸುವವನ ಉದಾಹರಣೆ ಕೊಡುತ್ತಾರೆ. ಆ ಹವಣಿಕೆಗೂ ಈ ಕಾಯುವಿಕೆಗೂ ದೂರ ಎಷ್ಟು ಎಂಬುದನ್ನು ಅವರವರೇ ಅಳೆದುಕೊಳ್ಳಬೇಕು.

ಕಳೆದ ವರ್ಷ ಹಳೆಯ ವಿದ್ಯಾರ್ಥಿಯೊಬ್ಬ ಎರಡು ನೋಟಿಸುಗಳನ್ನು ಹಿಡಿದು ಬಂದಿದ್ದ. ರೇಷ್ಮೆಗೂಡು ಸಾಗಿಸುವ ಸಣ್ಣ ಸರಕು ವಾಹನವೇ ಅವನ ಜೀವನಾಧಾರ. ಒಂದು ನೋಟಿಸು ಆಸ್ಪತ್ರೆಯೊಂದರ ದ್ವಾರದ ಬಳಿ ನಿಲ್ಲಿಸಿದ್ದಕ್ಕೆ. ತಾಯಿಯನ್ನು ಕರೆದುಕೊಂಡು ಹೋಗಿದ್ದ ದಿನವದು. ಇನ್ನೊಂದರ ಚಿತ್ರದಲ್ಲಿದ್ದದ್ದು ಅವನ ವಾಹನವೇ ಅಲ್ಲ. ಬಣ್ಣ ಬೇರೆ, ಸಂಖ್ಯೆಯ ಕೊನೆಯ ಅಂಕಿಯನ್ನು ಮೂರರ ಬದಲು ಎಂಟೆಂದು ಓದಲಾಗಿತ್ತು. “ಮೇಷ್ಟ್ರೇ, ಒಂದು ನಿಜ, ಒಂದು ಸುಳ್ಳು. ಎರಡೂ ಸುಳ್ಳು ಅಂತ ಬರೆದುಕೊಟ್ಟರೆ ಇದರ ಜೊತೆ ಅದೂ ಹೋಗ್ತದೆ ಅಂತಾರೆ,” ಎಂದ. ಸಲಹೆ ಕೊಟ್ಟವರು ದಡ್ಡರಲ್ಲ. ಒಂದು ದೋಷ ಎದ್ದು ಕಂಡರೆ ಮತ್ತೊಂದರ ಮೇಲೂ ಸಂಶಯ ಬೀಳುವುದು ಸಹಜ. ಅವನು ಜೈನನಲ್ಲ, ವ್ರತಗಳ ಹೆಸರೂ ತಿಳಿಯದು. ಆಸ್ಪತ್ರೆಯ ದ್ವಾರದಲ್ಲಿ ಆಂಬುಲೆನ್ಸ್ ಬಂದಿದ್ದರೆ ಏನಾಗುತ್ತಿತ್ತು ಎಂದಷ್ಟೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಂದಿತ್ತು. ಹಾರನ್ ಮಾಡ್ತಾ ನಿಂತಿತ್ತು. ಓಡಿಬಂದು ತೆಗೆದೆ,” ಎಂದ.

ಆ ದಂಡವನ್ನು ಅಂದೇ ಕಟ್ಟಿದ. ಇನ್ನೊಂದಕ್ಕೆ ಆಕ್ಷೇಪಣೆ ಬರೆದೆವು: ಎರಡೂ ವಾಹನಗಳ ಚಿತ್ರ, ನೋಂದಣಿ ಪತ್ರದ ನಕಲು, ಆರು ಸಾಲಿನ ವಿವರಣೆ. ಮೊದಲ ಕರಡಿನಲ್ಲಿ ಅವನು ಪೊಲೀಸರನ್ನು ಬೈದು ಬರೆದಿದ್ದ ಎರಡು ಸಾಲುಗಳನ್ನು ಹೊಡೆದುಹಾಕಿಸಿದೆ. ಅಂಕಿಯನ್ನು ತಪ್ಪಾಗಿ ಓದಿದವರು ದಿನಕ್ಕೆ ಎಷ್ಟು ಚಿತ್ರಗಳನ್ನು ನೋಡುತ್ತಾರೋ ಯಾರು ಬಲ್ಲರು. ದಂಡದ ಮೊತ್ತಕ್ಕಿಂತ ಓಡಾಟದ ಖರ್ಚೇ ಹೆಚ್ಚೆಂದು ಮನೆಯವರು ಆಕ್ಷೇಪಿಸಿದರೂ ಅವನು ಹಿಂಜರಿಯಲಿಲ್ಲ. ಒಂದು ದಿನದ ಗೂಡಿನ ಬಾಡಿಗೆ ಬಿಟ್ಟು ಹೋಗಿಬಂದಿದ್ದಾನೆ. ಪ್ರಕರಣ ಇನ್ನೂ ತೀರ್ಮಾನವಾಗಿಲ್ಲ, ಮುಂದಿನ ತಾರೀಖು ಕೊಟ್ಟಿದ್ದಾರೆ.